ಘಟ್ಟದ ಕೆಳಗಿನಾಕೆ

ಸೊರಬದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದವರು, ನನಗೆ ತಿಳಿದಂತೆ, ನಮ್ಮ ಪಕ್ಕದ ಮನೆಯಾಕೆಯೊಬ್ಬರೇ. ಉಳಿದವರು ಮೋಡ ನೋಡುತ್ತಾರೆ. ಗದ್ದೆಯವರಿಗೆ ಮೋಡ ಸಾಕು. ಇವರು ಬಾಗಿಲ ಮುಂದೆ ಬಂದು, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಸೆರಗು ಹಾರಿದ ದಿಕ್ಕು ನೋಡಿ, "ಇವತ್ತು ದೋಣಿ ಬೇಗ ಬತ್ತದೆ" ಎಂದೋ, "ಇವತ್ತು ಯಾರೂ ಹೊರಡಲಿಕ್ಕಿಲ್ಲ" ಎಂದೋ ಹೇಳಿ ಒಳಗೆ ಹೋಗುತ್ತಿದ್ದರು. ಅವರು ಹೇಳುವ ದೋಣಿ ಸೊರಬದಲ್ಲಿ ಎಲ್ಲಿತ್ತು? ಅದು ಘಟ್ಟದ ಕೆಳಗೆ, ಅವರು ಹುಟ್ಟಿದ ಮೀನುಗಾರರ ಬೀದಿಯಲ್ಲಿತ್ತು. ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದಾದ ಬೀದಿ. ಅಲ್ಲಿಗೆ ಅವರು ಮದುವೆಯಾದ ಮೇಲೆ ಹೋಗಿರಲಿಲ್ಲ.

ನನ್ನದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಟೈಲರ್ ಅಂಗಡಿ. ನನ್ನ ಅಬ್ಬಾ ಇಟ್ಟದ್ದು, ಅವರ ನಂತರ ನಾನು ನಡೆಸುತ್ತಿದ್ದೇನೆ. ಅಂಗಡಿಯ ಹಿಂದೆ ನಮ್ಮ ಮನೆ, ಅದರ ಪಕ್ಕದ ಒಂದೂವರೆ ಕೋಣೆಯ ಬಾಡಿಗೆ ಮನೆ ಅವರದು. ಗಂಡ ತೀರಿಕೊಂಡ ಮೇಲೆ ಚಂದ್ರಗುತ್ತಿಯ ಹತ್ತಿರದ ಗಂಡನ ಹಳ್ಳಿಯಿಂದ ಸೊರಬಕ್ಕೆ ಬಂದು ಆ ಮನೆ ಹಿಡಿದಿದ್ದರು. ಮಕ್ಕಳಿರಲಿಲ್ಲ. ನನ್ನ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದರು. ಕೈ ಬಿಡುವಾದಾಗ ಬಿದಿರಿನ ಸೂಜಿ ಹಿಡಿದು ನೈಲಾನ್ ದಾರದಲ್ಲಿ ಬಲೆ ಹೆಣೆಯುತ್ತಿದ್ದರು. ಮೀನಿನ ಬಲೆಯಲ್ಲ, ವಾಲಿಬಾಲ್ ನೆಟ್. ಉಳವಿ, ಜಡೆ, ಅತ್ತ ಶಿಕಾರಿಪುರದ ಶಾಲೆಗಳಿಂದಲೂ ಪಿ.ಟಿ. ಮೇಷ್ಟ್ರುಗಳು ಹುಡುಕಿಕೊಂಡು ಬರುತ್ತಿದ್ದರು. ಅಂಗಡಿಯ ಕಿಟಕಿಯ ಸರಳಿಗೆ ಬಲೆಯ ಒಂದು ತುದಿ ಕಟ್ಟಿ, ಇನ್ನೊಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ನಮ್ಮ ಜೊತೆ ಮಾತಾಡುತ್ತಲೇ ಗಂಟು ಹಾಕುತ್ತಿದ್ದರು.

ನಾನು "ಅಕ್ಕ" ಎನ್ನುತ್ತಿದ್ದೆ. ಊರಿನವರು ಅವರ ಬೆನ್ನ ಹಿಂದೆ "ಘಟ್ಟದ ಕೆಳಗಿನಾಕೆ" ಎನ್ನುತ್ತಿದ್ದರು. ಅದು ಬೈಗುಳವಲ್ಲ. ಆದರೆ ಅವರು ಘಟ್ಟದ ಮೇಲೆಯೇ ಹರೆಯ ಕಳೆದು, ಗಂಡನನ್ನು ಕಳೆದುಕೊಂಡು, ತಲೆ ನರೆಸಿಕೊಂಡ ಮೇಲೂ ಊರು ಅವರನ್ನು ಬಂದ ದಿನದ ಹೆಸರಿನಿಂದಲೇ ಕರೆಯುತ್ತಿತ್ತು.

ಅವರು ಘಟ್ಟ ಹತ್ತಿದ ಕಥೆಯನ್ನು ನನಗೆ ಒಂದೇ ಸಲ ಹೇಳಿದ್ದು. ಗಂಡ ಲಾರಿ ಡ್ರೈವರ್. ಇಲ್ಲಿಂದ ಅಕ್ಕಿ ಮೂಟೆ ಒಯ್ದು, ಅಲ್ಲಿಂದ ಒಣಮೀನು ಹೇರಿಕೊಂಡು ಬರುತ್ತಿದ್ದವರು. ಧಕ್ಕೆಯಲ್ಲಿ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆಯಲ್ಲಿ, ಇವರು ಮೀನು ಆರಿಸುತ್ತಿದ್ದರು. ಇಬ್ಬರಿಗೂ ಮನಸ್ಸಾಯಿತು. ಜಾತಿ ಬೇರೆ, ಭಾಷೆ ಬೇರೆ. ಇವರ ಮನೆಮಾತು ಕೊಂಕಣಿ. ಬೀದಿಯ ಹಿರಿಯರು ಕೂತು ಮಾತಾಡಿದರು, ಒಪ್ಪಲಿಲ್ಲ. ಅಪ್ಪ ಕೂಗಾಡಲಿಲ್ಲ, ಹೊಡೆಯಲಿಲ್ಲ. ದೋಣಿಯ ಒಡೆದ ಹುಟ್ಟಿಗೆ ಹಗ್ಗ ಸುತ್ತುತ್ತ ಕೂತಿದ್ದವರು ತಲೆಯೆತ್ತದೆ, "ಘಟ್ಟ ಹತ್ತಿದವಳು ಮತ್ತೆ ಇಳಿಯೂಕಿಲ್ಲ" ಎಂದರಂತೆ.

"ಅಷ್ಟೇನಾ ಅಕ್ಕ?" ಎಂದು ನಾನು ಕೇಳಿದೆ.

"ಅಷ್ಟೇ. ನಮ್ಮಪ್ಪ ದೊಡ್ಡ ಮಾತು ಆಡೋನಲ್ಲ. ಆಡಿದ್ದು ಅದೊಂದೇ."

ಆ ಬೀದಿಯ ಸುದ್ದಿಯೆಂದರೆ ಅವರಿಗೆ ಬಾಯಿ ಬತ್ತುತ್ತಿರಲಿಲ್ಲ. ಮಳೆಗಾಲದಲ್ಲಿ ದೋಣಿಗಳನ್ನು ಮನೆಯ ಮುಂದೆ ಮಗುಚಿ ಹಾಕಿ ತೆಂಗಿನ ಮಡಲಿನ ತಟ್ಟಿ ಹೊದಿಸುತ್ತಿದ್ದುದು, ಮಕ್ಕಳು ಅದರಡಿಯಲ್ಲಿ ಮನೆಯಾಟ ಆಡುತ್ತಿದ್ದುದು, ಹೋಳಿಯಲ್ಲಿ ಗಂಡಸರು ಗುಮಟೆ ಬಾರಿಸಿಕೊಂಡು ಮನೆಮನೆಗೆ ಬಂದು ಕುಣಿಯುತ್ತಿದ್ದುದು. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಕೊಡ, ಒಂದು ಬಾಯಿಗೆ ಚರ್ಮ ಬಿಗಿದದ್ದು. ಒಮ್ಮೆ ನಮ್ಮ ಅಮ್ಮಿಗೆ ಅದರ ಸದ್ದು ತೋರಿಸಲು ನಮ್ಮ ಹಿತ್ತಾಳೆ ಹಂಡೆಯನ್ನೇ ತೊಡೆಯ ಮೇಲಿಟ್ಟುಕೊಂಡು ಬಾರಿಸಿದ್ದರು. ಆಮೇಲೆ ನಾಚಿಕೊಂಡು, "ಹೆಂಗಸ್ರು ಬಾರಿಸೂಕಿಲ್ಲ ಅದನ್ನ" ಎಂದರು.

ಅವರು ಹೇಳಿದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ರಂಪಣಿ ಬಲೆಯ ವಿಷಯ. ಅವರ ಬಾಲ್ಯದಲ್ಲಿ ಆ ದೊಡ್ಡ ಬಲೆಯನ್ನು ಕಡಲಿಗೆ ಬಿಟ್ಟು, ಎರಡು ಕಡೆಯಿಂದ ಬೀದಿಗೆ ಬೀದಿಯೇ ನಿಂತು ಹಗ್ಗ ಎಳೆಯುತ್ತಿತ್ತಂತೆ. "ಹಗ್ಗಕ್ಕೆ ಕೈ ಹಾಕ್ದೋರಿಗೆಲ್ಲ ಪಾಲು. ದಾರಿ ಮೇಲೆ ಹೋಗ್ತಿದ್ದೋರು ಬಂದು ಕೈ ಹಾಕಿದ್ರೂ ಪಾಲು. ನೀನು ಯಾರು, ಎಲ್ಲಿಯವ ಅಂತ ಕೇಳೂಕಿಲ್ಲ," ಎಂದಿದ್ದರು. ದೊಡ್ಡ ಯಂತ್ರದ ದೋಣಿಗಳು ಬಂದ ಮೇಲೆ ಆ ಬಲೆ ನಿಂತುಹೋಯಿತು. ದೋಣಿ ತಡವಾದ ದಿನದ ಬಗ್ಗೆಯೂ ಹೇಳುತ್ತಿದ್ದರು. ಅಂಥ ದಿನ ಬೀದಿಯಲ್ಲಿ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಕೂರುತ್ತಿದ್ದರಂತೆ, ಆದರೆ ದೋಣಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲವಂತೆ.

ಅವರಿಗೂ ಆ ಬೀದಿಗೂ ಉಳಿದಿದ್ದ ಒಂದೇ ಕೊಂಡಿ ಸಂತೆಯ ಒಣಮೀನಿನ ಹೆಂಗಸು. ಅವರ ಬೀದಿಗೆ ಹತ್ತಿರದ ಕೇರಿಯವಳು. ವಾರಕ್ಕೊಮ್ಮೆ ಘಟ್ಟ ಹತ್ತಿ ಬಂದು ಸೊರಬದ ಸಂತೆಯಲ್ಲಿ ಗೋಣಿ ಹಾಸಿ ಕೂರುತ್ತಿದ್ದಳು. ತನ್ನ ಸುದ್ದಿ ಬೀದಿಗೆ ಒಯ್ಯಬೇಡವೆಂದು ಅಕ್ಕ ಅವಳಿಗೆ ಹೇಳಿಟ್ಟಿದ್ದರು. ಸಂತೆಯ ದಿನ ಅಂಗಡಿಗೆ ಬರುತ್ತಿರಲಿಲ್ಲ. ಬೆಳಗಿನಿಂದ ಅವಳ ಪಕ್ಕ ಕೂತು, ಗಿರಾಕಿಗಳಿಗೆ ಮೀನು ಕಟ್ಟಿಕೊಡುತ್ತ, ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಯಾರ ದೋಣಿ ಮಗುಚಿತು, ಯಾರ ಸೊಸೆ ಹೆತ್ತಳು. ಅಲ್ಲಿ ಅವರ ದನಿಯೇ ಬೇರೆಯಾಗುತ್ತಿತ್ತು. ನಮ್ಮ ಜೊತೆ ಮೆಲ್ಲಗೆ ಮಾತಾಡುವವರು ಅಲ್ಲಿ ಗಟ್ಟಿಯಾಗಿ, ಬೇಗಬೇಗ, ಕೈ ಬೀಸಿ ಮಾತಾಡುತ್ತಿದ್ದರು. ನಾನು ಅತ್ತ ಹೋದಾಗ ಒಂದು ಗಳಿಗೆ ಗುರುತೇ ಹತ್ತುತ್ತಿರಲಿಲ್ಲ.

ಅಕ್ಕನ ಅಪ್ಪ ತೀರಿಕೊಂಡ ಸುದ್ದಿಯೂ ಹಾಗೇ ಬಂತು. ಸಂತೆಯಿಂದ ಮಧ್ಯಾಹ್ನವೇ ಅಂಗಡಿಗೆ ಬಂದರು. ಒಂದು ಅಂಗಿ ತೆಗೆದುಕೊಂಡು ಕೂತರು. ಕಾಜಾ ಪೂರ್ತಿ ಮುಗಿಸಿ, ದಾರ ಕಚ್ಚಿ ಕತ್ತರಿಸಿ, ಅಂಗಿ ಮಡಚಿಟ್ಟ ಮೇಲೆ, "ನಮ್ಮಪ್ಪ ಹೋದನಂತೆ. ಹೋಗಿ ವಾರವಾಯ್ತಂತೆ" ಎಂದರು. ನಾನು ಯಂತ್ರ ನಿಲ್ಲಿಸಿದೆ. "ನಿಲ್ಲಿಸ್ಬೇಡ ತಂಗಿ, ಹೊಲಿ" ಎಂದರು. ಆಮೇಲೆ ಎದ್ದು ಹೋಗಿ, ಬೀದಿಯ ನಲ್ಲಿಯ ಕೆಳಗೆ ಸೀರೆ ಸಮೇತ ತಲೆಗೆ ನೀರು ಹೊಯ್ದುಕೊಂಡರು. ನಲ್ಲಿಗೆ ಕೊಡ ಹಿಡಿದು ನಿಂತಿದ್ದ ಹೆಂಗಸರು ಏನೂ ಕೇಳದೆ ಪಕ್ಕಕ್ಕೆ ಸರಿದು ನಿಂತರು.

ಕೆಲವು ವರ್ಷಗಳ ಹಿಂದೆ ಆ ಒಣಮೀನಿನ ಹೆಂಗಸು ಬರುವುದು ನಿಂತಿತು. ಮೊದಲು ಒಂದು ವಾರ, ಆಮೇಲೆ ಮತ್ತೊಂದು ವಾರ ಕಾದು, ಅವಳು ಹೋಗುತ್ತಿದ್ದ ಶಿಕಾರಿಪುರದ ಸಂತೆಗಾದರೂ ಬಂದಿರಬಹುದೆಂದು ಅಕ್ಕ ಅಲ್ಲಿಗೆ ಹೊರಟರು. ನಾನೂ ದಾರ, ಲೈನಿಂಗ್ ಬಟ್ಟೆ ತರುವುದಿತ್ತೆಂದು ಜೊತೆಗೆ ಹೋದೆ. ಅವಳು ಕೂರುತ್ತಿದ್ದ ಜಾಗದಲ್ಲಿ ಒಬ್ಬ ಬೆಳ್ಳುಳ್ಳಿ ಸುರಿದುಕೊಂಡು ಕೂತಿದ್ದ.

"ಆಕಿ ಬರೋದು ಬಿಟ್ಟಾಳ್ರೀ," ಎಂದ ಅವನು. "ಮಂಡಿನೋವಂತ. ಈಗ ಒಣಮೀನು ವ್ಯಾನಿನಾಗೆ ಬರ್ತದ್ರೀ, ಆ ತುದಿಗೆ ನಿಂತೈತಿ ನೋಡ್ರಿ."

ಅಕ್ಕ ವ್ಯಾನಿನ ತನಕ ಹೋದರು. ಡ್ರೈವರ್ ಕರಾವಳಿಯವನೇ. ಆದರೆ ಬೇರೆ ಊರು, ಚಿಕ್ಕ ವಯಸ್ಸು. ಇವರು ಕೇಳಿದ ಯಾವ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಶ್ರಾವಣದ ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಮಳೆಗಾಲ ಇಳಿಯಿತು, ಇನ್ನು ನಮ್ಮನ್ನು ಕಾಪಾಡು ಎಂದು ಬೇಡಿಕೊಂಡು ದೋಣಿ ಇಳಿಸುತ್ತಾರೆ. ಅಕ್ಕ ಪ್ರತಿ ವರ್ಷ ಆ ದಿನ ಅರಿಶಿನ ಕುಂಕುಮ ಹಚ್ಚಿದ ಕಾಯಿಯನ್ನು ದಂಡಾವತಿ ಹೊಳೆಗೆ ಬಿಟ್ಟು ಬರುತ್ತಿದ್ದರು. ಒಮ್ಮೆ ನನ್ನನ್ನು ಕೇಳಿದರು, "ಈ ಹೊಳೆ ನಮ್ಮ ಕಡೆಗೇ ಹೋಗೂದಲ್ದಾ?"

ಶಾಲೆಯಲ್ಲಿ ಓದಿದ್ದು ನನಗೆ ನೆನಪಿತ್ತು. "ಇಲ್ಲ ಅಕ್ಕ, ಇದು ವರದೆಗೆ ಸೇರ್ತದೆ. ವರದೆ ತುಂಗಭದ್ರೆಗೆ. ಕಡೆಗೆ ಆ ಕಡೆ ಸಮುದ್ರಕ್ಕೆ ಹೋಗ್ತದೆ, ಪೂರ್ವಕ್ಕೆ."

ಅವರು, "ಹಂಗಾದ್ರೆ ಇಷ್ಟು ವರ್ಷ ನಾನು ಯಾರ್ದೋ ಸಮುದ್ರಕ್ಕೆ ಕಾಯಿ ಹಾಕ್ದೆ" ಎಂದರು. ಮತ್ತೆ, "ಅಡ್ಡಿಲ್ಲ. ಅಲ್ಲಿಯೂ ದೋಣಿಯವ್ರು ಇರ್ತಾರೆ" ಎಂದರು. ಮುಂದಿನ ವರ್ಷವೂ ಹೋಗಿ ಕಾಯಿ ಬಿಟ್ಟು ಬಂದರು.

ಅವರನ್ನು ಘಟ್ಟ ಇಳಿಸಿದ್ದು ನನ್ನ ಮೊಬೈಲು. ಒಂದು ಹೋಳಿಯ ನಂತರ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವರ ಊರಿನ ಹೆಸರು ಹಾಕಿ ಹುಡುಕಿದೆ. ಯಾರೋ ಆ ವರ್ಷದ ಕುಣಿತದ ವಿಡಿಯೋ ಹಿಡಿದು ಹಾಕಿದ್ದರು. ಗುಮಟೆಯ ಸದ್ದು ಕೇಳಿದ್ದೇ ಅಕ್ಕ ಸೂಜಿ ಬಿಟ್ಟು ಬಂದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದರು. ಬಿಳಿ ಅಂಗಿಯ ಗಂಡಸರು ವೃತ್ತವಾಗಿ ಕುಣಿಯುತ್ತಿದ್ದರು. ಮುಂದೆ ಒಬ್ಬ ಬೋಳುತಲೆಯ ಮುದುಕ ಗುಮಟೆ ಬಾರಿಸುತ್ತಿದ್ದ.

"ಇವ ನನ್ನ ತಮ್ಮ," ಎಂದರು. "ಕಾಲು ಹಾಕೂದು ನೋಡು, ಅಪ್ಪನ ಹಂಗೇ."

ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಕಡೆಯಲ್ಲಿ ಕೇಳಿದ್ದು ತಮ್ಮನ ಬಗ್ಗೆಯಲ್ಲ. "ಈ ಗೋಡೆ ಎಂತದು? ಇಲ್ಲಿ ದೋಣಿ ಇಡ್ತಿದ್ರಲ್ಲ."

ಆ ಶ್ರಾವಣದಲ್ಲಿ ನಾನೇ ಹೊರಡಿಸಿದೆ. "ಹೇಳಿದೋರು ಹೋಗಿ ಎಷ್ಟು ಕಾಲ ಆಯ್ತು ಅಕ್ಕ, ಇನ್ನೂ ಯಾರ ಮಾತು ಕಾಯ್ತಾ ಇದೀರಿ?" ಎಂದೆ. ಹುಣ್ಣಿಮೆಯ ಬೆಳಿಗ್ಗೆ ಅವರು ಒಗೆದ ಸೀರೆಯುಟ್ಟು, ಚೀಲದಲ್ಲಿ ಒಂದು ಕಾಯಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಖುಷಿಯಾಗಿಯೇ ಇದ್ದರು. ಕಂಡಕ್ಟರ್ "ಸಾಗರ, ಸಾಗರ" ಎಂದು ಕೂಗಿದಾಗ, "ಹೆಸರು ಮಾತ್ರ. ಅಲ್ಲಿ ಕಾಲು ತೊಳೆಯೂಕೂ ಅಲೆ ಇಲ್ಲ" ಎಂದು ನಗಿಸಿದರು. ಸಾಗರದಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿಯತೊಡಗಿದ ಮೇಲೆ ಮಾತು ಕಡಿಮೆಯಾಯಿತು. ಕೆಳಗೆ ಬಯಲು ಬಂದು, ಗಾಳಿಯಲ್ಲಿ ಉಪ್ಪು ಸೇರಿದಾಗ ಕಿಟಕಿಯ ಗಾಜನ್ನು ಪೂರ್ತಿ ಸರಿಸಿದರು.

ಬೀದಿ ಅವರು ಹೇಳಿದ್ದಂತೆ ಇರಲಿಲ್ಲ. ದೋಣಿ ಮಗುಚುತ್ತಿದ್ದ ಜಾಗದಲ್ಲಿ ಐಸ್ ಕಾರ್ಖಾನೆಯ ಕಾಂಕ್ರೀಟ್ ಗೋಡೆ. ಹಂಚಿನ ಮನೆಗಳು ಕೆಲವೇ ಉಳಿದಿದ್ದವು. ಆದರೆ ಜನ ಇದ್ದರು. ಒಂದೇ ಬಣ್ಣದ ಸೀರೆಯುಟ್ಟ ಹೆಂಗಸರು ಕಳಶ ಹಿಡಿದು ಸಾಲಾಗಿ ನಿಂತಿದ್ದರು, ಗಂಡಸರು ಗುಮಟೆ ಬಾರಿಸುತ್ತಿದ್ದರು. ನಾವು ಒಂದು ಮನೆಯ ಎದುರಿನ ಕಟ್ಟೆಯ ಬಳಿ ನಿಂತೆವು. "ಇದೇ" ಎಂದರು ಅಕ್ಕ ಮೆಲ್ಲಗೆ. ಅವರು ಹುಟ್ಟಿದ ಮನೆ. ಅಷ್ಟರಲ್ಲಿ ಆ ಬಾಗಿಲಿಂದಲೇ ಒಬ್ಬ ಹೆಂಗಸು ಪಂಚಕಜ್ಜಾಯದ ತಟ್ಟೆ ಹಿಡಿದು ಬಂದರು. ತಮ್ಮನ ಹೆಂಡತಿಯೇ ಇರಬೇಕು. ನಮ್ಮಿಬ್ಬರ ಕೈಗೂ ಹಾಕಿ, ನಗುತ್ತ, ಕನ್ನಡದಲ್ಲಿ ಕೇಳಿದರು, "ಎಲ್ಲಿಯವ್ರು ನೀವು?"

ನಾನು ಅಕ್ಕನ ಮುಖ ನೋಡಿದೆ. ಈಗ ಹೇಳುತ್ತಾರೆ ಎಂದುಕೊಂಡೆ.

"ಸೊರಬದವ್ರು," ಎಂದರು ಅಕ್ಕ. "ಹಬ್ಬ ನೋಡೂಕೆ ಬಂದ್ವಿ."

"ಓ, ಘಟ್ಟದ ಮೇಲಿನವ್ರು," ಎಂದ ಆ ಹೆಂಗಸು, "ಊಟ ಮಾಡ್ಕಂಡೇ ಹೋಗಿ, ಇಲ್ಲೇ ಶಾಲೆ ಹತ್ರ ಇದೆ" ಎಂದು ಹೇಳಿ ಮುಂದಿನವರ ಬಳಿಗೆ ನಡೆದರು.

ಮೆರವಣಿಗೆ ಕಡಲಿಗೆ ಹೋಯಿತು. ಅಕ್ಕನ ತಮ್ಮ ಮುಂದಿದ್ದರು. ಅಕ್ಕ ಎಲ್ಲರಿಗಿಂತ ಹಿಂದೆ, ದೂರದಲ್ಲಿ, ಸೀರೆ ಮಂಡಿಗೆತ್ತಿ ನೀರಿಗೆ ಇಳಿದರು. ಎಲ್ಲರ ಪೂಜೆ ನಡೆಯುತ್ತಿದ್ದಾಗ ಚೀಲದಲ್ಲಿ ತಂದ ಕಾಯಿಯನ್ನು ಅವರೂ ಎಸೆದರು. ಅಲೆ ಅದನ್ನು ತಿರುಗಿ ತಂದು ಅವರ ಕಾಲ ಬಳಿಯೇ ಹಾಕಿತು. ಮತ್ತೆ ಎಸೆದರು, ಮತ್ತೆ ಬಂತು. "ದಂಡಾವತಿ ಆದ್ರೆ ತಗಂಡು ಹೋಗ್ತಿತ್ತು" ಎಂದು ನಕ್ಕರು. ಕಾಯಿಯನ್ನು ಮರಳ ಮೇಲೆ ಬಿಟ್ಟು, "ಹೋಗುವ ತಂಗಿ, ಬಸ್ಸು ತಪ್ತದೆ" ಎಂದರು. ದಾರಿಯಲ್ಲಿ ಚಹಾದಂಗಡಿಯವನು ಊಟಕ್ಕೆ ನಿಲ್ಲಿ ಎಂದ. "ಸೊರಬಕ್ಕೆ ಹೋಗ್ಬೇಕು" ಎಂದಷ್ಟೇ ಹೇಳಿದರು.

ಘಟ್ಟ ಹತ್ತುವಾಗ ನನಗೆ ತಡೆಯಲಾಗಲಿಲ್ಲ. "ಯಾಕೆ ಹೇಳಲಿಲ್ಲ ಅಕ್ಕ? ಒಂದು ಮಾತು ಸಾಕಿತ್ತಲ್ಲ."

"ಹೇಳಿದ್ರೆ ತಮ್ಮನ ಹೆಂಡ್ತಿ ತಟ್ಟೆ ಇಟ್ಟು ಒಳಗೆ ಓಡ್ತಿದ್ಳು. ಎಲ್ಲ ಬರ್ತಿದ್ರು. ಅಳ್ತಿದ್ರು, ಇಲ್ಲ ಬೈತಿದ್ರು. ಹಬ್ಬದ ದಿನ ಎಂತಕ್ಕೆ?" ಇನ್ನೊಂದು ತಿರುವು ದಾಟಿದ ಮೇಲೆ, "ಅವಳು ಕೊಂಕಣಿಯಲ್ಲಿ ಕೇಳಿದ್ರೆ ಹೇಳ್ತಿದ್ನೇನೋ. ಕನ್ನಡದಲ್ಲಿ ಕೇಳಿದ್ಳು" ಎಂದರು.

ಆಮೇಲೆ ಅವರು ಗಾಳಿ ನೋಡುವುದನ್ನು ಬಿಟ್ಟರು. ನಾನು ಇದನ್ನು ಬಹಳ ತಡವಾಗಿ ಗಮನಿಸಿದೆ.

ಮರುವರ್ಷ ಬೇಸಿಗೆಯಲ್ಲಿ ಜಡೆಯ ಕಡೆಯ ಒಂದು ಹಳ್ಳಿಯಲ್ಲಿ ಕೆರೆಬೇಟೆ ಇತ್ತು. ನೀರು ಇಳಿದ ಕೆರೆಗೆ ಊರಿಗೆ ಊರೇ ಇಳಿದು ಮೀನು ಹಿಡಿಯುವ ದಿನ. ನಮ್ಮ ಅಂಗಡಿಗೆ ಬಟ್ಟೆ ಹೊಲಿಸಲು ಬರುವ ಗೌಡರ ಮನೆಯವರು ಕರೆದಿದ್ದರು. ಅಕ್ಕ ಕೆರೆಮೀನು ತಿಂದವರಲ್ಲ. "ಮಣ್ಣಿನ ವಾಸನೆ" ಎಂದು ಮೂಗು ಮುರಿಯುತ್ತಿದ್ದರು. ಆದರೂ ಬಂದರು. ಏರಿಯ ಮೇಲೆ ನಿಂತು ನೋಡಿದೆವು. ಗಂಡಸರು ಬಿದಿರಿನ ಕೂಣಿಗಳನ್ನು, ಬುಡವಿಲ್ಲದ ಬುಟ್ಟಿಯಂಥವನ್ನು, ಹೆಗಲ ಮೇಲಿಟ್ಟು ಕಾದಿದ್ದು, ಸೂಚನೆ ಸಿಕ್ಕಿದ್ದೇ ಕೂಗುತ್ತ ಕೆಸರಿಗೆ ಧುಮುಕಿದರು. ಕೂಣಿ ಒತ್ತುವುದು, ಮೇಲಿನ ಬಾಯಿಂದ ಕೈ ಹಾಕಿ ತಡಕುವುದು, ಮೀನು ಸಿಕ್ಕರೆ ಕೇಕೆ ಹಾಕುವುದು.

"ಇಷ್ಟು ಗಲಾಟೆ ಎಂತಕ್ಕೆ? ಮೀನು ಓಡಿ ಹೋಗೂದಿಲ್ವಾ?" ಎಂದರು ಅಕ್ಕ.

"ಓಡಿ ಎಲ್ಲಿಗ್ ಹೋಗ್ತಾವೆ ಅಮ್ಮಾ, ಕೆರೆ ಇದೊಂದೇ ಅಲ್ವಾ," ಎಂದ ಏರಿಯ ಮೇಲಿದ್ದ ಒಬ್ಬ.

ನಾನು ಆಚೆ ತಿರುಗಿ ಗೌಡರ ಸೊಸೆಯ ಜೊತೆ ಮಾತಾಡುತ್ತಿದ್ದೆ. ಈಚೆ ನೋಡಿದರೆ ಅಕ್ಕ ನೀರಿನಲ್ಲಿದ್ದರು. ಸೀರೆಯನ್ನು ಕಚ್ಚೆಯ ಹಾಗೆ ಕಟ್ಟಿ, ಮಂಡಿಯುದ್ದ ಕೆಸರಿನಲ್ಲಿ ನಿಂತು, ದಣಿದು ದಡಕ್ಕೆ ಬಂದ ಯಾರದೋ ಕೂಣಿ ಇಸಕೊಂಡು ಒತ್ತುತ್ತಿದ್ದರು. ಹೆಂಗಸರು ಇಳಿಯುವ ವಾಡಿಕೆ ಇಲ್ಲ. ಕೆಲವರು ನಕ್ಕರು. ಗೌಡರು ಮಾತ್ರ, "ಇರ್ಲಿ ಬಿಡ್ರೋ, ಅವರ ಕುಲದ ಕೆಲಸ" ಎಂದರು. ಅಕ್ಕನಿಗೆ ಏನೂ ಸಿಗಲಿಲ್ಲ. ಮೇಲೆ ಬಂದಾಗ ಮುಖದ ತುಂಬ ಕೆಸರು. ಗೌಡರು ತಮ್ಮ ಚೀಲದಿಂದ ಒಂದು ದೊಡ್ಡ ಮೀನು ತೆಗೆದುಕೊಟ್ಟು, "ನೀರಿಗಿಳಿದೋರಿಗೆ ಪಾಲು ಕೊಡದೆ ಕಳಿಸಲ್ಲ ನಾವು" ಎಂದರು. ಅಕ್ಕ ಎರಡೂ ಕೈಯೊಡ್ಡಿ ತೆಗೆದುಕೊಂಡರು. ಆ ಸಂಜೆ ಹುಣಸೆಹಣ್ಣು ಹೆಚ್ಚು ಹಾಕಿ, ತಮ್ಮ ಕಡೆಯ ಮಸಾಲೆ ಅರೆದು ಸಾರು ಮಾಡಿದರು. ನಮ್ಮ ಮನೆಗೂ ಕೊಟ್ಟರು. "ಮಣ್ಣಿನ ವಾಸನೆ ಹೋಗ್ಲಿಲ್ಲ" ಎಂದರು. ಆದರೆ ಉಂಡರು, ಎರಡನೆಯ ಸಲ ಬಡಿಸಿಕೊಂಡು ಉಂಡರು.

ಆ ಮಳೆಗಾಲದಲ್ಲೇ ಅಕ್ಕ ಹೋದರು. ಎರಡು ದಿನ ಜ್ವರವೆಂದು ಮಲಗಿದ್ದವರು, ಮೂರನೆಯ ಬೆಳಿಗ್ಗೆ ಅಮ್ಮಿ ಗಂಜಿ ತೆಗೆದುಕೊಂಡು ಹೋದಾಗ ಉಸಿರಿರಲಿಲ್ಲ. ಗಂಡನ ಕಡೆಯ ಮಂದಿ ಬಂದು ಮಾಡುವುದನ್ನೆಲ್ಲ ಸರಿಯಾಗಿಯೇ ಮಾಡಿದರು. ಸಂತೆಗೆ ಬರುವ ಒಣಮೀನಿನ ವ್ಯಾನಿನ ಡ್ರೈವರನಿಗೆ ನಾನು ಊರು, ಬೀದಿಯ ಹೆಸರು ಹೇಳಿ, ಗುಮಟೆ ಬಾರಿಸುವ ಇಂಥವರಿಗೆ ಸುದ್ದಿ ಮುಟ್ಟಿಸು ಎಂದೆ.

ಅಕ್ಕನ ತಮ್ಮ ಬಂದದ್ದು ಎಲ್ಲ ಮುಗಿದ ಮೇಲೆ. ಒಬ್ಬರೇ ಬಂದರು. ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತರು. ಅಕ್ಕನ ಹಾಗೆಯೇ ಅಗಲ ಹಣೆ. ಕೂರಿಸಿದೆ. ನೆಲ ನೋಡುತ್ತಲೇ, "ನಾನು ಕಂಡಿದ್ದೆ ಅವಳನ್ನ. ಆ ಹುಣ್ಣಿಮೆ ದಿನ" ಎಂದರು.

ನಾನು ಯಂತ್ರದ ಮೇಲಿನ ಬಟ್ಟೆ ಮಡಚಿಟ್ಟೆ.

"ನೀರಲ್ಲಿ ನಿಂತಿದ್ಳು. ನಿಂತದ್ದು ಕಂಡೇ ಗುರ್ತು ಸಿಕ್ತು. ಕೈಯಲ್ಲಿ ಪೂಜೆ ಇತ್ತು. ಮುಗಿಸಿ ಬರುವಷ್ಟರಲ್ಲಿ ಇಲ್ಲ. ಚಾದಂಗಡಿಯಲ್ಲಿ ಕೇಳ್ದೆ, ಸೊರಬದವ್ರಂತೆ ಅಂದ. ಅಷ್ಟು ಗೊತ್ತಾದ ಮೇಲೆ ಬರೂಕೆ ಎಂತ ಕಷ್ಟ ಇತ್ತು? ಮೀನುಗಾರಿಕೆ ನಿಂತ ಮೇಲೆ ಹೋಗುವ ಅಂದ್ಕಂಡೆ. ಈ ಮಳೆಗಾಲಕ್ಕೆ ನಿಂತಿತ್ತು. ಇವತ್ತು, ನಾಳೆ ಅಂತ ಕೂತೆ."

ಅಮ್ಮಿ ಒಳಗಿನಿಂದ ಊಟಕ್ಕೆ ಕರೆದಳು. ಅವರು ಬೇಡವೆನ್ನದೆ ಬಂದು ಉಂಡರು. ಕೈ ತೊಳೆದು ಬಂದು, ಪಕ್ಕದ ಮನೆಯ ಮುಚ್ಚಿದ ಬಾಗಿಲನ್ನು ನೋಡಿ ಕೇಳಿದರು, "ಅವಳು ಇಲ್ಲಿ ಎಂತ ಮಾತಾಡ್ತಿದ್ಳು? ಕನ್ನಡವಾ?"

"ನಮ್ಮ ಜೊತೆ ಕನ್ನಡ," ಎಂದೆ. "ಬೆಳಿಗ್ಗೆ ಒಬ್ಬರೇ ಇರುವಾಗ ನಿಮ್ಮ ಭಾಷೆ. ನಡುವೆ ಒಂದೇ ಗೋಡೆ, ನಮಗೆ ದಿನಾ ಕೇಳ್ತಿತ್ತು. ಯಾರೋ ಎದುರಿಗೆ ಕೂತಿದ್ದಾರೆ ಅನ್ನೋ ಹಾಗೆ ಮಾತಾಡೋರು."

"ಎಂತ ಹೇಳ್ತಿದ್ಳು?"

ಅದು ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಕೇಳಿಸಿಕೊಂಡಿದ್ದೆ, ಅರ್ಥ ಒಂದೂ ಆಗಿರಲಿಲ್ಲ, ಕೇಳಬೇಕೆಂದೂ ಅನಿಸಿರಲಿಲ್ಲ. ದಿನವೂ ಬರುತ್ತಿದ್ದ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿದಿತ್ತು. ನನ್ನ ನಾಲಿಗೆಗೆ ಬಂದ ಹಾಗೆ ಹೇಳಿದೆ, "ಚಾ ನಿವ್ತಾ ಗೇ."

ಅವರು ಕಿವಿಗೊಟ್ಟು ಇನ್ನೊಮ್ಮೆ ಹೇಳಿಸಿದರು. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಏನಂದ್ರೆ ಅದು?" ಎಂದು ಕೇಳಿದೆ.

"ಎಂತದೂ ಇಲ್ಲ. ಚಾ ಆರ್ತಾ ಉಂಟು, ಕುಡಿ ಅಂತ. 'ಗೇ' ಅಂದ್ರೆ ಹೆಂಗಸ್ರಿಗೆ ಹೇಳೂದು. ನಮ್ಮಮ್ಮ ಬಲೆ ಹಿಡ್ಕಂಡು ಕೂತ್ರೆ ಚಾ ಮರೀತಿದ್ಳು. ಇವಳೇ ದಿನಾ ಹೇಳೋಳು."

ಹೊರಗೆ ಸಾಗರದ ಬಸ್ಸು ಹಾರ್ನ್ ಹಾಕಿತು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.